ಶಾಲೆಗೆ ಧರ್ಮ ಬೇಡ, ಮಗುವಿಗೆ ಇದ್ದರೆ ಇರಲಿ

ಮಾನ್ಯ ಸಂಪಾದಕರೇ,

ಪಿಯು ಪರೀಕ್ಷೆ, ಸಿಇಟಿ ಹತ್ತಿರ ಬಂತು ಅಂದರೆ ನನಗೆ ಮೊದಲು ನೆನಪಾಗುವುದು ಕಾಲೇಜಿನ ಗೇಟು. ಉಡುಪಿ ಜಿಲ್ಲೆಯ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತಳಾದವಳು ನಾನು. 2022ರ ಫೆಬ್ರವರಿಯಲ್ಲಿ ನನಗೂ ಗೇಟ್ ಡ್ಯೂಟಿ ಬಂದಿತ್ತು. ಹಿಜಾಬ್ ವಿವಾದದಲ್ಲಿ, ಕ್ಲಾಸಿಗೆ ಧರ್ಮದ ಗುರುತಿನ ಬಟ್ಟೆ ಬೇಡ ಎಂಬ ಹೈಕೋರ್ಟಿನ ಮಧ್ಯಂತರ ಆದೇಶ ಬಂದು, ರಜೆ ಮುಗಿದು, 16ನೇ ತಾರೀಕು ಪಿಯು ಕಾಲೇಜುಗಳು ಮತ್ತೆ ಶುರುವಾಗಿದ್ದವು. ತಲೆಗೆ ಸ್ಕಾರ್ಫ್ ಹಾಕಿದವರನ್ನು ಒಳಗೆ ಬಿಡಬೇಡಿ ಎಂದು ನಮಗೆ ಹೇಳಿದ್ದರು.

ದ್ವಿತೀಯ ಪಿಯು ಓದುತ್ತಿದ್ದ ಒಬ್ಬ ಹುಡುಗಿ ಬಂದಳು. ನನ್ನ ಕ್ಲಾಸಿನವಳೇ. ಸಾಲ್ಟ್ ಅನಾಲಿಸಿಸ್‌ನಲ್ಲಿ ಅವಳಷ್ಟು ಅಚ್ಚುಕಟ್ಟು ಇನ್ನೊಬ್ಬರಿರಲಿಲ್ಲ. ಟೆಸ್ಟ್ ಟ್ಯೂಬನ್ನು ತೊಳೆದು, ಬೋರಲು ಹಾಕಿಯೇ ಹೊರಗೆ ಹೋಗುವವಳು. ಅವಳು ಒಳಗೆ ಬಿಡಿ ಎಂದು ಕೇಳಲೇ ಇಲ್ಲ. ಗೇಟಿನ ಸರಳುಗಳ ಮಧ್ಯೆ ರೆಕಾರ್ಡ್ ಬುಕ್ ತೂರಿಸಿ, "ಮೇಡಂ, ಕೊನೇ ಎರಡು ಎಕ್ಸ್‌ಪರಿಮೆಂಟಿಗೆ ಸೈನ್ ಆದ್ರೂ ಹಾಕಿ ಕೊಡ್ತೀರಾ?" ಅಂದಳು. ನಾನು ಗೇಟಿನ ಕಂಬಕ್ಕೆ ಪುಸ್ತಕ ಒತ್ತಿ ಹಿಡಿದು ಸಹಿ ಹಾಕಿದೆ. ಕೈ ನಡುಗಿ ತಾರೀಕು ಸೊಟ್ಟಗಾಯಿತು. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಅವಳ ನಂಬರಿನ ಮುಂದೆ ಗೈರುಹಾಜರಿ ಎಂದು ಬರೆದದ್ದೂ ಇದೇ ಕೈ.

ಅದೇ ದಿನಗಳಲ್ಲಿ ಕೇಸರಿ ಶಾಲು ಹಾಕಿಕೊಂಡು ಬಂದ ಹುಡುಗರೂ ನನ್ನ ವಿದ್ಯಾರ್ಥಿಗಳೇ. ಅವರಲ್ಲಿ ಒಬ್ಬನನ್ನು ಪಕ್ಕಕ್ಕೆ ಕರೆದು, "ಇದನ್ನ ದಿನಾ ಹಾಕ್ತೀಯೇನಪ್ಪಾ?" ಎಂದು ಕೇಳಿದೆ. "ಇಲ್ಲ ಮೇಡಂ, ಅವರು ಹಾಕ್ತಾರಲ್ಲ, ಅದಕ್ಕೆ" ಅಂದ. ಮಡಚಿ ಬ್ಯಾಗಿಗೆ ಹಾಕಿಕೊಂಡು ಕ್ಲಾಸಿಗೆ ಹೋದ. ಅವನಿಗೆ ತೆಗೆದಿಡುವುದು ಸುಲಭವಿತ್ತು, ಅವಳಿಗೆ ಇರಲಿಲ್ಲ. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಿದ್ದು ನನಗೆ ಇವತ್ತಿಗೂ ಸರಿ ಅನ್ನಿಸುವುದಿಲ್ಲ.

ಮೂರು ವರ್ಷ ಕಳೆಯಿತು. 2025ರ ಏಪ್ರಿಲ್‌ನಲ್ಲಿ ಸಿಇಟಿ. ಬೀದರ್‌ನಲ್ಲಿ ಜನಿವಾರ ತೆಗೆಯಲು ಒಪ್ಪದ ಹುಡುಗ ಗಣಿತ ಪರೀಕ್ಷೆ ಬರೆಯಲಾಗದೆ ವಾಪಸ್ ಹೋದ. ಶಿವಮೊಗ್ಗದಲ್ಲೂ ಜನಿವಾರ ತೆಗೆಸಿದ ದೂರು ಬಂತು. ಜನಿವಾರ ತೆಗೆಸಬೇಕು ಎಂದು ನಿಯಮದಲ್ಲೇ ಇಲ್ಲ ಎಂದು ಆಮೇಲೆ ಸರ್ಕಾರವೇ ಹೇಳಿತು. ಕೆಲವರು ಅಮಾನತಾದರು. ಆದರೆ ಪರೀಕ್ಷೆಗೆಂದು ಎರಡು ವರ್ಷ ಓದಿದ ಹುಡುಗ ಆ ಬೆಳಗ್ಗೆ ಗೇಟಿನಿಂದ ತಿರುಗಿ ನಡೆದನಲ್ಲ, ಆ ಸಂಕಟಕ್ಕೆ ಯಾವ ಅಮಾನತು ಮದ್ದಾಗುತ್ತದೆ? ಆ ಸುದ್ದಿ ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಸರಳುಗಳ ಮಧ್ಯೆ ಬಂದ ಆ ರೆಕಾರ್ಡ್ ಬುಕ್ಕು. ಜನಿವಾರದ ಹುಡುಗನಿಗಾಗಿ ಮರುಗಿದವರು ಸ್ಕಾರ್ಫಿನ ಹುಡುಗಿಗೂ ಮರುಗಲಿ ಎಂದು ಕೇಳುತ್ತೇನೆ. ಅವಳ ಪರ ನಿಂತವರು ಅವನ ಪರವೂ ನಿಲ್ಲಲಿ.

ಈ ವಿಷಯದಲ್ಲಿ ಎರಡು ಸಂಗತಿ ಬೆರೆತುಹೋಗಿವೆ ಅಂತ ನನಗನ್ನಿಸುತ್ತದೆ. ಶಾಲೆ ಏನು ಮಾಡುತ್ತದೆ ಎಂಬುದು ಒಂದು. ಮಗು ತನ್ನ ಮೈಮೇಲೆ ಏನು ಹೊತ್ತು ಬರುತ್ತದೆ ಎಂಬುದು ಇನ್ನೊಂದು. ಪೂರ್ತಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದು ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಅದು ಶಾಲೆಗೆ ಹಾಕಿದ ಕಟ್ಟು. ಮಾತಿನ ಸ್ವಾತಂತ್ರ್ಯದ 19ನೇ ವಿಧಿ, ನಂಬಿಕೆಯ 25ನೇ ವಿಧಿ ಮಗುವಿಗೂ ಸೇರಿದವು. ಶಾಲೆಯ ಮೈಕಿನಲ್ಲಿ ಒಂದು ಧರ್ಮದ ಪ್ರಾರ್ಥನೆ ಹೇಳಿಸಿ ಎಲ್ಲ ಮಕ್ಕಳೂ ಕೈಮುಗಿಯಬೇಕು ಅಂದರೆ ನಾನು ಒಪ್ಪುವುದಿಲ್ಲ. ಅದು ನನ್ನ ಮನೆದೇವರ ಪ್ರಾರ್ಥನೆಯಾದರೂ ಅಷ್ಟೇ. ಆದರೆ ಊಟಕ್ಕೆ ಮೊದಲು ಒಂದು ಮಗು ತನ್ನಷ್ಟಕ್ಕೆ ಕಣ್ಣು ಮುಚ್ಚಿದರೆ, ಹಣೆಗೆ ವಿಭೂತಿ ಹಚ್ಚಿದರೆ, ಕೊರಳಲ್ಲಿ ಶಿಲುಬೆ ಹಾಕಿದರೆ ಪಾಠಕ್ಕೆ ಏನು ತೊಂದರೆ? ಮೂವತ್ತು ವರ್ಷದಲ್ಲಿ ಒಂದು ದಿನವೂ ನನ್ನ ಪಾಠ ಅದರಿಂದ ನಿಂತಿಲ್ಲ.

ಈ ಮಾತಿಗೆ ಗಟ್ಟಿ ಆಧಾರವಿದೆ. 1985ರಲ್ಲಿ ಕೇರಳದ ಒಂದು ಶಾಲೆ ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥಕ್ಕೆ ಸೇರಿದ ಮೂರು ಮಕ್ಕಳನ್ನು ಹೊರಗೆ ಹಾಕಿತು. ರಾಷ್ಟ್ರಗೀತೆ ಶುರುವಾದರೆ ಅವರು ಎಲ್ಲರ ಜೊತೆ ಎದ್ದು ನಿಲ್ಲುತ್ತಿದ್ದರು, ತಮ್ಮ ನಂಬಿಕೆಗೆ ಒಪ್ಪದು ಎಂದು ಹಾಡುತ್ತಿರಲಿಲ್ಲ ಅಷ್ಟೇ. ಕೇರಳ ಹೈಕೋರ್ಟಿನಲ್ಲಿ ಸೋತರು. 1986ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಎಂದಿತು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ಬರೆದ ಆ ತೀರ್ಪು ಮಾತಿನ ಸ್ವಾತಂತ್ರ್ಯ, ನಂಬಿಕೆಯ ಸ್ವಾತಂತ್ರ್ಯ ಎರಡನ್ನೂ ಎತ್ತಿ ಹಿಡಿಯಿತು. ಸುಮ್ಮನೆ ನಿಂತ ಮಕ್ಕಳಿಂದ ಯಾರಿಗೂ ಅಗೌರವವಾಗಿಲ್ಲ ಎಂದು ಕೋರ್ಟಿಗೆ ಕಂಡಿತು. ಕಾನೂನು ಓದದ ನನ್ನಂಥವಳಿಗೂ ಈ ತೀರ್ಪು ಅರ್ಥವಾಗುತ್ತದೆ.

ನಮ್ಮಲ್ಲಿ 2022ರ ಮಾರ್ಚ್ 15ರಂದು ಹೈಕೋರ್ಟ್, ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ, ಸಮವಸ್ತ್ರದ ನಿಯಮ ಸರಿ ಎಂದಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಮ್ಮತ ಬರಲಿಲ್ಲ. ಹೇಮಂತ್ ಗುಪ್ತಾ ಅವರು ಮೇಲ್ಮನವಿ ತಳ್ಳಿಹಾಕಿದರು. ಸುಧಾಂಶು ಧುಲಿಯಾ ಅವರು, ಇದು ಕೊನೆಗೂ ಹುಡುಗಿಯ ಆಯ್ಕೆ, ಅವಳ ಓದೇ ಮುಖ್ಯ ಎಂದರು. ನನಗೆ ಧುಲಿಯಾ ಅವರ ಮಾತೇ ಸರಿ ಅನ್ನಿಸುತ್ತದೆ. ಧರ್ಮಕ್ಕೆ ಯಾವುದು ಅತ್ಯಗತ್ಯ ಎಂದು ಪಂಡಿತರು ಎಷ್ಟು ಬೇಕಾದರೂ ಚರ್ಚೆ ಮಾಡಲಿ. ಹದಿನೇಳರ ಹುಡುಗಿಗೆ ಆ ಚರ್ಚೆ ಮುಗಿಯುವವರೆಗೆ ಕಾಯಲು ಪುರುಸೊತ್ತಿಲ್ಲ.

ಯೂನಿಫಾರ್ಮ್ ಬೇಡ ಅಂತ ನಾನು ಹೇಳುತ್ತಿಲ್ಲ. ಬಡವರ ಮಕ್ಕಳಿಗೆ ಅದು ದೊಡ್ಡ ಆಸರೆ, ನಾನೇ ಕಣ್ಣಾರೆ ನೋಡಿದ್ದೇನೆ. ಆದರೆ ಯೂನಿಫಾರ್ಮಿನ ಬಣ್ಣದ್ದೇ ದುಪ್ಪಟ್ಟಾವನ್ನು ತಲೆ ಮೇಲೆ ಹೊದೆಯುತ್ತೇವೆ ಎಂದು ಹುಡುಗಿಯರ ಪರವಾಗಿ ಕೋರ್ಟಿನಲ್ಲೂ ಕೇಳಿದ್ದರು. ಅಷ್ಟಕ್ಕೆ ಒಪ್ಪಿದ್ದರೆ ಯೂನಿಫಾರ್ಮೂ ಉಳಿಯುತ್ತಿತ್ತು, ಹುಡುಗಿಯೂ ಕ್ಲಾಸಿನಲ್ಲಿ ಉಳಿಯುತ್ತಿದ್ದಳು, ಅಲ್ವಾ?

ಹಿಜಾಬನ್ನು ಮನೆಯವರೇ ಬಲವಂತವಾಗಿ ಹಾಕಿಸುತ್ತಾರೆ ಎನ್ನುವವರಿದ್ದಾರೆ. ಕೆಲವು ಮನೆಗಳಲ್ಲಿ ಇರಬಹುದು. ಹಾಗಿದ್ದರೆ ಆ ಹುಡುಗಿಗೆ ಕಾಲೇಜು ಇನ್ನೂ ಜಾಸ್ತಿ ಬೇಕು. ಗೇಟಿನಿಂದ ವಾಪಸ್ ಕಳಿಸಿದರೆ ಅವಳು ಹೋಗುವುದು ಅದೇ ಮನೆಗೆ ತಾನೇ?

ಪರೀಕ್ಷೆಯಲ್ಲಿ ತಪಾಸಣೆ ಬೇಕೇ ಬೇಕು. 2023ರಲ್ಲಿ ಕಲಬುರಗಿ, ಯಾದಗಿರಿ ಕಡೆ ಬ್ಲೂಟೂತ್ ಇಟ್ಟುಕೊಂಡು ನಕಲು ಮಾಡಿದ್ದನ್ನು ಎಲ್ಲರೂ ನೋಡಿದ್ದೇವೆ. ತಲೆ ಮುಚ್ಚಿದ ಹುಡುಗಿಯ ಕಿವಿಯನ್ನು ಮಹಿಳಾ ಸಿಬ್ಬಂದಿ ಪರದೆಯ ಹಿಂದೆ ಕರೆದು ನೋಡಬಹುದು. ಎರಡು ನಿಮಿಷದ ಕೆಲಸ. ಮೂರೆಳೆ ನೂಲಿನೊಳಗೆ ಬ್ಲೂಟೂತ್ ಅಡಗುವುದಿಲ್ಲ.

ಶಿಕ್ಷಣ ಇಲಾಖೆಗೆ, ಪರೀಕ್ಷಾ ಪ್ರಾಧಿಕಾರಕ್ಕೆ ನನ್ನ ಬೇಡಿಕೆ ಇಷ್ಟೇ. ಏನು ತರಬಾರದು, ಏನನ್ನು ತೆಗೆಯಬೇಕಾಗಿಲ್ಲ ಎಂಬುದನ್ನು ಹಾಲ್ ಟಿಕೆಟ್ಟಿನ ಮೇಲೆ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಛಾಪಿಸಿ. ಸಮವಸ್ತ್ರದ ನಿಯಮ ಬದಲಿಸುವುದಿದ್ದರೆ ಅಡ್ಮಿಷನ್‌ಗೆ ಮೊದಲು ಹೇಳಿ, ಪರೀಕ್ಷೆ ಎರಡು ತಿಂಗಳಿದೆ ಅನ್ನುವಾಗ ಅಲ್ಲ. ಕಾಲೇಜು ಅಭಿವೃದ್ಧಿ ಸಮಿತಿಗೆ ಶಾಸಕರು ಅಧ್ಯಕ್ಷರಾಗಿರುತ್ತಾರೆ, ಅಲ್ಲಿ ಮಕ್ಕಳ ತಾಯಂದಿರಿಗೂ ಮಾತಾಡಲು ಜಾಗ ಕೊಡಿ. ಪ್ರತಿ ಗೇಟಿನಲ್ಲಿ ಒಬ್ಬ ಹಿರಿಯ ಅಧ್ಯಾಪಕರನ್ನು ನಿಲ್ಲಿಸಿ. ತಕರಾರು ಬಂದರೆ ಅದನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಮಗುವನ್ನು ಒಳಗೆ ಬಿಡುವ ಅಧಿಕಾರ ಅವರಿಗಿರಲಿ. ವಿಚಾರಣೆ ಏನಿದ್ದರೂ ಕೊನೆಯ ಬೆಲ್ ಆದ ಮೇಲೆ ನಡೆಯಲಿ. 2022ರಲ್ಲಿ ನನ್ನ ಕೈಯಲ್ಲಿ ಅಂಥದ್ದೊಂದು ಪುಸ್ತಕ ಇದ್ದಿದ್ದರೆ ಆ ಹುಡುಗಿ ಅವತ್ತು ಲ್ಯಾಬಿನಲ್ಲಿರುತ್ತಿದ್ದಳು.

— ನಿವೃತ್ತ ಪಿಯು ಉಪನ್ಯಾಸಕಿ, ಉಡುಪಿ ಜಿಲ್ಲೆ