ಜೂನ್ 1ರಿಂದ ಅಡ್ವೆಂಚರ್ ಬೈಕ್ ಸರ್ವಿಸ್ ರೇಟ್ ಬದಲಾವಣೆ: ನಮ್ಮ ಗ್ರಾಹಕರಿಗೆ

ಆತ್ಮೀಯ ಗ್ರಾಹಕರೇ,

ಮೊದಲು ವಿಷಯ ಹೇಳಿಬಿಡುತ್ತೇವೆ. ಜೂನ್ 1ರಿಂದ ಅಡ್ವೆಂಚರ್ ಬೈಕುಗಳ (ಕೆಟ್ಟ ರಸ್ತೆಯಲ್ಲೂ ಓಡಲಿ ಅಂತ ಮಾಡಿದ ಎಕ್ಸ್‌ಪಲ್ಸ್, ಹಿಮಾಲಯನ್ ಥರದವು) ಜನರಲ್ ಸರ್ವಿಸ್ ಲೇಬರ್ 700 ರೂಪಾಯಿಯಿಂದ 1,150 ರೂಪಾಯಿ ಆಗುತ್ತದೆ. ಬೆಳಿಗ್ಗೆ ಬಿಟ್ಟು ಸಂಜೆ ತಗೊಂಡು ಹೋಗುವುದೂ ಇನ್ನು ಆಗುವುದಿಲ್ಲ. ಹಿಂದಿನ ದಿನ ಸಂಜೆಯೇ ಬೈಕ್ ತಂದು ಬಿಡಬೇಕು. ಟ್ಯಾಪೆಟ್, ಅಂದರೆ ಎಂಜಿನ್ ವಾಲ್ವಿನ ಗ್ಯಾಪ್, ನೋಡಬೇಕಾದರೆ ಎಂಜಿನ್ ಪೂರ್ತಿ ತಣ್ಣಗಾಗಿರಬೇಕು, ಅದಕ್ಕೆ. ದೂರದಿಂದ ಬರುವವರಿಗೆ ಇದರಿಂದ ತೊಂದರೆ ಆಗುತ್ತದೆ ಅಂತ ಗೊತ್ತು. ದಯವಿಟ್ಟು ಕ್ಷಮಿಸಿ. ಮಾಮೂಲಿ ಬೈಕು, ಸ್ಕೂಟರುಗಳ ರೇಟ್ ಹಾಗೇ ಇದೆ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಗೋಡೆಗೆ ಹೊಸ ರೇಟಿನ ಹಾಳೆ ಅಂಟಿಸಿದಾಗಿನಿಂದ ಬಂದವರೆಲ್ಲ ಒಂದೇ ಮಾತು ಕೇಳುತ್ತಿದ್ದಾರೆ: "ಜಿಎಸ್‌ಟಿ ಇಳೀತಲ್ಲ, ನಿಮ್ದು ಮಾತ್ರ ಯಾಕೆ ಏರುತ್ತೆ?" ಕೆಲವರು ನಗ್ತಾ ಕೇಳಿದರು, ಕೆಲವರು ಮುಖ ಗಂಟು ಹಾಕಿಕೊಂಡು ಕೇಳಿದರು. ಬೇಜಾರಾಗಲಿಲ್ಲ ಅಂದ್ರೆ ಸುಳ್ಳಾಗುತ್ತದೆ.

ಜಿಎಸ್‌ಟಿ ಇಳಿದಿದ್ದು ನಿಜ. 2025ರ ಸೆಪ್ಟೆಂಬರ್ 22ರಿಂದ ಬೈಕ್ ಬಿಡಿಭಾಗಗಳ ತೆರಿಗೆ ಶೇ 28ರಿಂದ 18ಕ್ಕೆ ಬಂತು. ಟೈರಿಗೂ ಹಾಗೇ. ಆ ಉಳಿತಾಯ ನಿಮ್ಮ ಬಿಲ್ಲಿನಲ್ಲಿ ಅಂದಿನಿಂದಲೇ ಬಂದಿದೆ. ತೆರಿಗೆ ಬಿಟ್ಟು 2,000 ರೂಪಾಯಿ ಇರುವ ಒಂದು ಚೈನ್ ಸ್ಪ್ರಾಕೆಟ್ ಸೆಟ್ ತಗೊಳ್ಳಿ. ಮೊದಲು 2,560 ಆಗುತ್ತಿತ್ತು, ಈಗ 2,360. ಆ 200 ರೂಪಾಯಿ ನಮ್ಮ ಗಲ್ಲಾ ಪೆಟ್ಟಿಗೆಗೆ ಹೋಗಿಲ್ಲ. ಹಳೇ ಬಿಲ್ ಇದ್ದರೆ ತೆಗೆದು ನೋಡಿ.

ಆದರೆ ಲೇಬರ್ ಮೇಲಿನ ತೆರಿಗೆ ಮೊದಲೂ 18 ಇತ್ತು, ಈಗಲೂ 18. ಎಂಜಿನ್ ಆಯಿಲ್‌ಗೂ ಅಷ್ಟೇ, ಆಗಲೂ 18, ಈಗಲೂ 18. ಇಳಿದೇ ಇಲ್ಲದ್ದನ್ನು ನಾವು ಎಲ್ಲಿಂದ ಇಳಿಸುವುದು? ಇನ್ನೊಂದು ವಿಷಯ. 350 ಸಿಸಿಗಿಂತ ದೊಡ್ಡ ಬೈಕುಗಳಿಗೆ ತೆರಿಗೆ ಇಳಿಯಲಿಲ್ಲ, 40ಕ್ಕೆ ಏರಿತು. 200 ಸಿಸಿಯ ಎಕ್ಸ್‌ಪಲ್ಸ್ ಇಟ್ಟುಕೊಂಡವರು, 350 ಸಿಸಿ ಮೀರಿದ ಹಿಮಾಲಯನ್ ಇಟ್ಟುಕೊಂಡವರು ಒಂದೇ ಬೆಂಚಿನ ಮೇಲೆ ಕೂತು "ಎಲ್ಲಾ ಇಳೀತು" ಅಂತ ಮಾತಾಡುವಾಗ ನಮಗೆ ಒಳಗೊಳಗೇ ನಗು. ಟಿವಿಯವರು ಒಂದು ಸಾಲು ಹೇಳಿ ಹೋಗುತ್ತಾರೆ, ಕೌಂಟರಿನಲ್ಲಿ ಕೂತು ಉತ್ತರ ಕೊಡುವವರು ನಾವು.

ಹಾಗಾದರೆ ಲೇಬರ್ ಏರಿಸಿದ್ದು ಯಾಕೆ? ಈ ಬೈಕುಗಳು ಹಗುರ, ಹಾಗಾಗಿ ಕೆಲಸವೂ ಹಗುರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಚಾರ್ಮಾಡಿ ಘಾಟಿಯ ಮಳೆಯಲ್ಲಿ ಓಡಿ ಬಂದ ಬೈಕಿನ ಹಿಂದಿನ ಶಾಕ್ ಲಿಂಕೇಜ್ (ಶಾಕನ್ನು ಚಕ್ರದ ಕಡೆಗೆ ಜೋಡಿಸುವ ಕೀಲು) ಬಿಚ್ಚುವಾಗ ಒಂದ್ಸಲ ಪಕ್ಕದಲ್ಲಿ ನಿಂತು ನೋಡಿ. ಬೋಲ್ಟ್ ಸುಲಭಕ್ಕೆ ಹೊರಗೆ ಬರುವುದಿಲ್ಲ. ಬಂದಮೇಲೆ ಒಳಗೆ ಗ್ರೀಸ್ ಇರುವುದಿಲ್ಲ, ಕದಡಿದ ಚಹಾದಂಥ ನೀರು ಇರುತ್ತದೆ. ನೀಡಲ್ ಬೇರಿಂಗ್ ತೊಳೆದು, ಒರೆಸಿ, ತುಕ್ಕು ಹಿಡಿದಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ, ನೀರು ತಡೆಯುವ ಗ್ರೀಸ್ ತುಂಬಿ ಮತ್ತೆ ಕೂರಿಸಬೇಕು. ಹ್ಯಾಂಡಲ್ ತಿರುಗುವ ಕಡೆಯ ಬೇರಿಂಗು, ಅಂದರೆ ಕೋನ್‌ಸೆಟ್ಟಿಗೂ ಹೀಗೇ. ಮನೆಯಲ್ಲಿ ಪ್ರೆಶರ್ ವಾಶ್ ಇಟ್ಟುಕೊಂಡವರು ಬೇರಿಂಗಿಗೇ ಗುರಿಯಿಟ್ಟು ನೀರು ಹೊಡೆಯುತ್ತಾರೆ. ಆಮೇಲೆ "ಹ್ಯಾಂಡಲ್ ಯಾಕೋ ಬಿಗಿ" ಅಂತ ಬರುತ್ತಾರೆ. ಇಷ್ಟು ದಿನ ಇದನ್ನೆಲ್ಲ ಜನರಲ್ ಸರ್ವಿಸ್ ಲೆಕ್ಕದಲ್ಲೇ ಮಾಡಿಕೊಡುತ್ತಿದ್ದೆವು. 700 ರೂಪಾಯಿಗೆ ಅದು ಗಿಟ್ಟುವುದಿಲ್ಲ.

ಟ್ಯಾಪೆಟ್ ಕಥೆ ಇನ್ನೊಂದು. ಹಳೇ ಹಿಮಾಲಯನ್ 411ರಲ್ಲಿ ಸ್ಕ್ರೂ ಇದೆ. ಗ್ಯಾಪ್ ಅಳೆಯುವ ತೆಳು ಪಟ್ಟಿ (ಫೀಲರ್ ಗೇಜ್) ಹಾಕಿ, ಲಾಕ್‌ನಟ್ ಸಡಿಲಿಸಿ ಸರಿ ಮಾಡಿದರೆ ಮುಗೀತು. ಕೆಟಿಎಂ 390 ಅಡ್ವೆಂಚರ್‌ನಲ್ಲಿ ಸ್ಕ್ರೂ ಬದಲು ಶಿಮ್, ಅಂದರೆ ಅಳತೆಯ ಪುಟ್ಟ ಬಿಲ್ಲೆ. ಗ್ಯಾಪ್ ನೋಡುವುದಕ್ಕೇ ಟ್ಯಾಂಕ್ ಇಳಿಸಬೇಕು. ಗ್ಯಾಪ್ ತಪ್ಪಿದ್ದರೆ ಕ್ಯಾಮ್‌ಶಾಫ್ಟೇ ಹೊರಗೆ ಬರಬೇಕು. "ಸೌಂಡೇ ಇಲ್ಲ, ಸುಮ್ನೆ ಯಾಕೆ ಬಿಚ್ತೀರಾ" ಅನ್ನುವವರಿಗೆ ಒಂದು ಮಾತು. ಟಿಕ್ ಟಿಕ್ ಅಂದರೆ ಗ್ಯಾಪ್ ಇದೆ ಅಂತ. ಗ್ಯಾಪ್ ಮುಚ್ಚಿಕೊಂಡು ವಾಲ್ವ್ ಬಿಗಿಯಾದಾಗ ಸದ್ದೇ ಬರುವುದಿಲ್ಲ. ನಮಗೆ ಹೆದರಿಕೆ ಅದರದ್ದೇ. ಶಿಮ್ ಬದಲಾಯಿಸುವ ಕೆಲಸಕ್ಕೆ ಬೇರೆ ಚಾರ್ಜ್ ಇದೆ. ಆದರೆ ಫೋನ್ ಮಾಡಿ ಕೇಳದೆ ಕೈ ಹಾಕುವುದಿಲ್ಲ.

ಇನ್ನು ನಿಮಗೆ ಸ್ವಲ್ಪ ಕಹಿ ಅನ್ನಿಸಬಹುದಾದ ಮಾತು. ಆರಾಮಕ್ಕೆ ಅಂತ ನೀವು ಹಾಕಿಸುವ ಒಂದೊಂದು ಸಾಮಾನೂ ನಮ್ಮ ಸ್ಪ್ಯಾನರಿಗೆ ಅಡ್ಡ. ಆಯಿಲ್ ಬದಲಿಸಲು ಎಂಜಿನ್ ಅಡಿಯ ರಕ್ಷಣೆಯ ತಗಡು (ಸಂಪ್ ಗಾರ್ಡ್) ಬಿಚ್ಚಬೇಕು, ಅದರೊಳಗೆ ಒಂದು ಬಾಣಲೆ ಕೆಸರು. ಟ್ಯಾಂಕ್ ಇಳಿಸಲು ಕ್ರ್ಯಾಶ್ ಗಾರ್ಡ್, ಫಾಗ್‌ಲ್ಯಾಂಪ್ ವೈರು, ಕೆಲವೊಮ್ಮೆ ಪೆಟ್ರೋಲ್ ಕ್ಯಾನ್ ಕೂರಿಸುವ ಸ್ಟೇ ಸಮೇತ ತೆಗೆಯಬೇಕು. 158 ಕೆಜಿ ಇದೆ, ಹಗುರ ಅಂತ ಎಕ್ಸ್‌ಪಲ್ಸ್ 4ವಿ ತಗೊಂಡು, ಮೇಲೆ ಇಷ್ಟೆಲ್ಲ ಹೇರಿ, ಹಿಂದೆ ಎರಡು ಬಾಕ್ಸ್ ಕಟ್ಟಿ, "ಶಾಕ್ ಸಾಫ್ಟ್ ಆಗಿದೆ" ಅಂದರೆ ಏನು ಹೇಳುವುದು? ಬೇಡ ಅನ್ನುತ್ತಿಲ್ಲ. ಹ್ಯಾಂಡ್‌ಗಾರ್ಡ್, ಹ್ಯಾಂಡಲ್ ಎತ್ತರಿಸುವ ರೈಸರ್, ಚಾರ್ಜಿಂಗ್ ಪಾಯಿಂಟ್ ಎಲ್ಲ ಬೇಕಾದವೇ. ನಿಂತು ಓಡಿಸುವವರಿಗೆ ರೈಸರ್ ಹಾಕಿಸಿದಮೇಲೆ ಬೆನ್ನು ನೋವು ಹೋಗಿದ್ದನ್ನು ನಾವೇ ನೋಡಿದ್ದೇವೆ. ಲಗೇಜ್ ಜಾಸ್ತಿ ಇದ್ದರೆ ಶಾಕಿನ ಸ್ಪ್ರಿಂಗ್ ಬಿಗಿ (ಪ್ರಿಲೋಡ್) ಏರಿಸಿ ಕೊಡುತ್ತೇವೆ, ಅದಕ್ಕೆ ದುಡ್ಡಿಲ್ಲ. ಬಿಚ್ಚಿ ಹಾಕುವ ಹೊತ್ತಿಗೆ ಮಾತ್ರ ಲೆಕ್ಕ ಇರಲಿ.

ಎರಡು ಕೆಲಸ ಇನ್ನು ಮಾಡುವುದಿಲ್ಲ. ಒಂದು, ಸೀಟ್ ಕೊಯ್ಯುವುದು. ಕಾಲು ನೆಲಕ್ಕೆ ಎಟುಕಲಿ ಅಂತ ಫೋಮ್ ಕೊಯ್ದರೆ ಮೂಡಿಗೆರೆ ದಾಟುವಷ್ಟರಲ್ಲಿ ಅಡಿಯ ಪ್ಲಾಸ್ಟಿಕ್ ಕುಂಡಿಗೆ ಒತ್ತುತ್ತದೆ. ಹಿಮಾಲಯನ್ 450ರಲ್ಲಿ ಸೀಟನ್ನು 825, 845 ಮಿಮೀ ಎರಡು ಎತ್ತರಕ್ಕೂ ಇಡಬಹುದು, ಕೊಯ್ಯುವ ಅಗತ್ಯವೇ ಇಲ್ಲ. ಬೇರೆ ಬೈಕಿನವರು ಸೀಟ್ ಹೊಲಿಯುವವರ ಹತ್ತಿರ ಮುಂಭಾಗ ಮಾತ್ರ ಕಿರಿದು ಮಾಡಿಸಿಕೊಳ್ಳಿ. ತೊಡೆ ಅಗಲ ಆಗುವುದು ತಪ್ಪಿದರೆ ಕಾಲು ತಾನಾಗೇ ನೆಲಕ್ಕೆ ಸಿಗುತ್ತದೆ. ಎರಡು, ಸ್ಪೋಕ್ ರಿಮ್ಮಿಗೆ ಟೇಪ್ ಸುತ್ತಿ, ಸೀಲಂಟ್ ಮೆತ್ತಿ ಟ್ಯೂಬ್‌ಲೆಸ್ ಮಾಡುವುದು. ಘಾಟಿಯಲ್ಲಿ ಟ್ಯೂಬ್ ಪಂಚರ್ ಆದರೆ ಎಷ್ಟು ಕಷ್ಟ ಅಂತ ನಮಗೂ ಗೊತ್ತು. ಆದರೂ ಮುಂದಿನ ಚಕ್ರದ ಗಾಳಿಯನ್ನು ಟೇಪ್ ನಂಬಿ ಬಿಡಲು ನಮಗೆ ಧೈರ್ಯ ಇಲ್ಲ. ಹಿಮಾಲಯನ್ 450ಕ್ಕೆ ಕಂಪನಿಯದ್ದೇ ಟ್ಯೂಬ್‌ಲೆಸ್ ಸ್ಪೋಕ್ ರಿಮ್ 2024ರಲ್ಲಿ ಬಂದಿದೆ. ಅದನ್ನು ತಂದರೆ ಖುಷಿಯಾಗಿ ಹಾಕಿಕೊಡುತ್ತೇವೆ.

ಚೈನ್ ವಿಷಯದಲ್ಲಿ ಒಂದು ಬೇಡಿಕೆ. ಸೆಂಟರ್ ಸ್ಟ್ಯಾಂಡ್ ಇಲ್ಲದ ಬೈಕಿನವರು ಚೈನ್ ಲೂಬ್‌ಗೆ ಯಾವಾಗ ಬೇಕಾದರೂ ಬನ್ನಿ, ನಮ್ಮ ಸ್ಟ್ಯಾಂಡ್ ಇದೆ, ಮೊದಲಿನ ಹಾಗೇ ಫ್ರೀ. ಆದರೆ ನೀವೇ ಬಿಗಿ ಮಾಡಬೇಡಿ. ಈ ಬೈಕುಗಳ ಹಿಂದಿನ ಚಕ್ರ ಜಾಸ್ತಿ ಮೇಲೆ ಕೆಳಗೆ ಆಡುತ್ತದೆ, ಚೈನ್ ಸ್ವಲ್ಪ ಸಡಿಲವೇ ಇರಬೇಕು. ಮಾಮೂಲಿ ಬೈಕಿನ ಹಾಗೆ ಎಳೆದು ಕಟ್ಟಿದರೆ ಪೆಟ್ಟು ಬೀಳುವುದು ಗೇರ್‌ಬಾಕ್ಸ್ ಬೇರಿಂಗಿಗೆ.

ಖರ್ಚಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಿಎಸ್6 ಹೊಗೆ ನಿಯಮ ಬಂದಮೇಲೆ ಬೈಕಿನ ಎಲೆಕ್ಟ್ರಾನಿಕ್ಸ್ ದೋಷ ಓದುವ ಸ್ಕ್ಯಾನರ್ ಇಲ್ಲದೆ ಕೆಲಸ ನಡೆಯುವುದಿಲ್ಲ, ಅದಕ್ಕೆ ವರ್ಷವರ್ಷವೂ ದುಡ್ಡು ಕಟ್ಟಬೇಕು. ಕೆಲಸ ಕಲಿತ ಹುಡುಗರನ್ನು ಬೆಂಗಳೂರು ಕರೆಯುತ್ತದೆ. ಉಳಿದಿರುವವರು ಒಳ್ಳೆಯವರು, ಅವರಿಗೆ ಒಳ್ಳೆಯ ಸಂಬಳ ಕೊಡಬೇಕು. ನಮ್ಮ ಹುಡುಗರು ಬಿಗಿದ ಬೋಲ್ಟ್ ಸಡಿಲವಾಗಿ ಬಂದಿದ್ದನ್ನು ನಾನಂತೂ ನೋಡಿಲ್ಲ.

ಈಗಾಗಲೇ ಬುಕ್ ಮಾಡಿದವರಿಗೆ, ಜೂನ್‌ನಲ್ಲಿ ತಂದರೂ ಹಳೇ ರೇಟೇ. ಬಿಲ್ ಜಾಸ್ತಿ ಅನ್ನಿಸಿದರೆ ನನ್ನ ಹತ್ತಿರವೇ ಬನ್ನಿ, ಬಿಚ್ಚಿದ ಹಳೇ ಸಾಮಾನು ಮುಂದಿಟ್ಟು ಒಂದೊಂದಾಗಿ ತೋರಿಸುತ್ತೇನೆ. ಮಳೆ ಹಿಡಿಯುವ ಮೊದಲು ತಂದರೆ ಒಳ್ಳೆಯದು. ಹಾಗೇ ಬಾಕ್ಸ್ ಖಾಲಿ ಮಾಡಿ ತನ್ನಿ. ಒದ್ದೆ ಸಾಕ್ಸ್‌ಗೆ ಗ್ಯಾರೇಜ್ ಜವಾಬ್ದಾರಿ ಅಲ್ಲ.

ಇಂತಿ ನಿಮ್ಮವ,
ಗ್ಯಾರೇಜಿನ ಎಲ್ಲರ ಪರವಾಗಿ,
ಚಿಕ್ಕಮಗಳೂರು