ಆ ಪದವನ್ನ ಕರೆದಿದ್ದು ಯಾರು?

ಪ್ರೀತಿಯ ತಂಗಿ,

ನೀನು ವಾಟ್ಸಾಪಲ್ಲಿ ಕಳಿಸಿದ ಪದ್ಯಗಳನ್ನೆಲ್ಲ ಗಟ್ಟಿಯಾಗಿ ಓದ್ಕೊಂಡೆ. ಲಯ ನಿನಗೆ ಒಲಿದಿದೆ, ಅದರ ಚಿಂತೆ ಬೇಡ. ತೊಂದರೆ ಇರೋದು ಪದಗಳು ಬರೋ ದಾರೀಲಿ. ಅಮ್ಮನ ಮೇಲಿನ ಪದ್ಯದಲ್ಲಿ 'ಪ್ರೀತಿ' ಅಂತ ಒಂದು ಸಾಲು ಮುಗೀತಿದ್ದ ಹಾಗೇ ಹಿಂದಿಂದೆ 'ರೀತಿ', 'ನೀತಿ' ಬಂದು ಕೂತಿವೆ. ಅವನ್ನ ಕರೆದಿದ್ದು ನಿನ್ನಮ್ಮ ಅಲ್ಲ, ಪ್ರಾಸ. ಅದೇ ಮೆಸೇಜಿನ ಕೆಳಗೆ ಸುಮ್ನೆ ಮಾತಿಗೆ ಅಂತ, ಅಡಿಕೆ ಸುಲಿದೂ ಸುಲಿದೂ ಅಮ್ಮನ ಬೆರಳು ಚೊಗರು ಹತ್ತಿ ಕಪ್ಪಾಗಿದೆ, ಎಷ್ಟು ತೊಳೆದ್ರೂ ಹೋಗಲ್ಲ, ಆ ಕೈಯಲ್ಲೇ ನನ್ನ ತಲೆ ಬಾಚ್ತಾಳೆ ಅಂತ ಬರ್ದಿದ್ದೀಯಲ್ಲ, ಕವಿತೆ ಇದ್ದಿದ್ದು ಅಲ್ಲಿ ಕಣೇ! ಅದನ್ನ ಪದ್ಯದ ಹೊರಗೇ ಬಿಟ್ಬಿಟ್ಟಿದ್ದೀಯ.

ಈ ಕಷ್ಟ ಬಹಳ ಹಳೇದು. ನಮ್ಮ ಹಳೇ ಕಾವ್ಯದಲ್ಲಿ ಆದಿಪ್ರಾಸದ ಕಟ್ಟುನಿಟ್ಟಿತ್ತು, ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಅದೇ ವ್ಯಂಜನ ಬರ್ಬೇಕು, ಅದಕ್ಕೋಸ್ಕರ ಎಷ್ಟೋ ಕವಿಗಳು ಬೇಡದ ಪದಾನೂ ಎಳ್ಕೊಂಡು ಬಂದಿದ್ದಾರೆ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲೇ ಅದನ್ನ ಬಿಟ್ಟು ಬರೆದ್ರು, ಆ ಕಾಲಕ್ಕೆ ದೊಡ್ಡ ಧೈರ್ಯ ಅದು. ಹಾಗಂತ ಪ್ರಾಸಾನೇ ಕೆಟ್ಟದ್ದು ಅಂದ್ಕೋಬೇಡ. ಬೇಂದ್ರೆಯವರನ್ನ ಓದು, ಸಾಲಿನ ತುಂಬ ನಾದ, ಪ್ರಾಸದ ಮೇಲೆ ಪ್ರಾಸ, ಆದ್ರೂ ಪದ ಹೊರಗಿಂದ ತಂದು ಸೇರಿಸಿದ ಹಾಗೆ ಅನ್ಸಲ್ಲ, ಯಾಕಂದ್ರೆ ಧಾರವಾಡದ ಮನೆ, ಬೀದಿಯ ಮಾತು ಅವರ ಕಿವೀಲಿ ಮೊದಲೇ ಇತ್ತು, ಪ್ರಾಸ ಹುಟ್ಟಿದ್ದು ಅದರೊಳಗಿಂದ. ನಿನಗೂ ಮಲೆನಾಡಿನ ಮಾತಿದೆ, ಅಡಿಕೆ ಸುಲಿಯೋ ಮೆಟ್ಟುಗತ್ತಿ ಇದೆ, ಚೊಗರು ಇದೆ. ಸಿಟಿಯವರಿಗೆ ಅರ್ಥ ಆಗಲ್ವೇನೋ ಅಂತ ಹೆದರ್ಬೇಡ, ಸಾಲು ಸರಿಯಾಗಿದ್ರೆ ಅವರೇ ಕೇಳಿ ತಿಳ್ಕೋತಾರೆ.

ಕುಮಾರವ್ಯಾಸ ತನ್ನ ಭಾರತದ ಪೀಠಿಕೆಯಲ್ಲಿ, ಇಟ್ಟ ಪದ ಅಳಿಸದೇ ಇರೋದು ತನ್ನದೊಂದು ಅಗ್ಗಳಿಕೆ ಅಂತಾನೆ, ಅದೂ ಮೂರು-ನಾಲ್ಕು ಮಾತ್ರೆಯ ಗಣ ತಪ್ಪದ ಭಾಮಿನಿ ಷಟ್ಪದಿಯಲ್ಲಿ! ಓದಿ ಬೆರಗಾಗು, ಆದ್ರೆ ಆ ದಾರಿ ಹಿಡೀಬೇಡ. ನಾವೆಲ್ಲ ಅಳಿಸಿ ಅಳಿಸಿಯೇ ಬರೀಬೇಕಾದವರು. ಒಂದೊಂದು ಪದದ ಮುಂದೂ ನಿಂತು, ನಿನ್ನನ್ನ ಕರೆದಿದ್ದು ಯಾರು ಅಂತ ಕೇಳು, ಪ್ರಾಸ ಕರೀತು, ಮಾತ್ರೆ ತುಂಬೋಕೆ ಬಂದೆ ಅಂದ್ರೆ ಕಳಿಸ್ಬಿಡು. ಆಮೇಲೆ ಸ್ವಲ್ಪ ದಿನ ಬಿಟ್ಟು, ಅಮ್ಮನ ಎದುರಿಗೆ ಕೂತು ಓದು. ಅವರು ಎಲ್ಲಿ ತಡೆದು "ಏನಂದೆ?" ಅಂತಾರೋ ಅಲ್ಲೊಂದು ಪೆನ್ಸಿಲ್ ಗುರುತು ಹಾಕಿ ನನಗೆ ಕಳಿಸು.