ತೀರಾ ಹಳ್ಳಿ ಅಂದರಂತೆ

ಏನವ್ವಾ, ಚೆನ್ನಾಗಿದ್ದೀಯಾ?

ನಿನ್ನ ಮೇಲ್ ಬಂದು ಹದಿನೆಂಟು ದಿನ ಆಯಿತು. ಬೇಜಾರು ಮಾಡ್ಕೋಬೇಡ. ಕಣ್ಣಿನ ಪೊರೆ ತೆಗೆಸಿಕೊಂಡಿದ್ದೆ, ಡಾಕ್ಟರು ಓದಬೇಡಿ ಅಂದಿದ್ದರು. ಆದರೂ ಮನೆಯವರ ಕಣ್ಣು ತಪ್ಪಿಸಿ ಒಂದೇ ಕಣ್ಣಲ್ಲಿ ಓದಿದೆ. ನಿನ್ನ ಪುಸ್ತಕದ ಎರಡು ಪ್ರತಿ ಕಳಿಸಿದ್ದೀಯ. ಒಂದು ನೋಟ್‌ಬುಕ್ಕಿನಲ್ಲಿ ಬರೆದು ಸ್ಕ್ಯಾನ್ ಮಾಡಿದ್ದು. ಇನ್ನೊಂದು, ಪ್ರಕಾಶಕರೊಬ್ಬರು 'ತೀರಾ ಹಳ್ಳಿ ಆಯ್ತಮ್ಮ, ಬೇರೆ ಕಡೆಯವರಿಗೆ ಅರ್ಥ ಆಗಲ್ಲ' ಅಂತ ವಾಪಸ್ ಕಳಿಸಿದ ಮೇಲೆ ಎಐಗೆ ಕೊಟ್ಟು 'ಸರಿ' ಮಾಡಿಸಿದ್ದು. ಅದೂ ವಾಪಸ್ ಬಂತು. ಅದಕ್ಕೇ ಇನ್ನು ಬರೆಯಲ್ಲ ಅಂತೀಯ. ಅದರ ಕೆಳಗೇ ಯಾವ ಪ್ರಕಾಶಕರು ಒಳ್ಳೆಯವರು, ರಾಯಲ್ಟಿ ಎಷ್ಟು ಕೇಳಬೇಕು, ಮುನ್ನುಡಿ ಯಾರ ಹತ್ತಿರ ಬರೆಸಬೇಕು ಅಂತ ಆರು ಪ್ರಶ್ನೆ! ಬರೆಯೋದನ್ನೇ ಬಿಡುವವಳಿಗೆ ರಾಯಲ್ಟಿ ಯಾಕಮ್ಮಾ? ಅವನ್ನೆಲ್ಲ ಬೇರೆ ಯಾರನ್ನಾದರೂ ಕೇಳು. ನಲವತ್ತು ವರ್ಷ ಬರೆದರೂ ಅವು ನನ್ನ ತಲೆಗೆ ಹತ್ತಲಿಲ್ಲ.

ನಿನ್ನ ಮೊದಲ ಪ್ರತಿಯಲ್ಲಿ ಅಜ್ಜಿ ಜಗಲಿ ಮೇಲೆ ನಿಂತು ಹೇಳ್ತಾಳೆ: 'ಹೊತ್ತು ಮುಳುಗ್ತಾ ಅದೆ, ದನ ಇನ್ನೂ ಅಟ್ಟಿಗ್ ಬರ್ನಿಲ್ಲ ಕಣವ್ವ.' ಎರಡನೆಯದರಲ್ಲಿ ಅದೇ ಅಜ್ಜಿ: 'ಸೂರ್ಯಾಸ್ತವಾಗುತ್ತಿದೆ, ಹಸುಗಳು ಇನ್ನೂ ಮನೆಗೆ ಮರಳಿಲ್ಲ ಮಗಳೇ.' ಒಂದೊಂದು ಸಲ ಜೋರಾಗಿ ಓದಿ ನೋಡು. ಮೊದಲನೆಯದರಲ್ಲಿ ಮುದುಕಿಗೆ ಭಯ ಇದೆ. ಅವಳ ಚಿಂತೆ ದನದ್ದಲ್ಲ, ದನದ ಹಿಂದೆ ಹೋದ ಮಗನದು. ಅಷ್ಟೂ ಆ 'ಬರ್ನಿಲ್ಲ'ದಲ್ಲಿ ಕೇಳಿಸುತ್ತೆ. ಎರಡನೆಯದು ರೇಡಿಯೋದ ಪ್ರದೇಶ ಸಮಾಚಾರ. ವ್ಯಾಕರಣ ಚೆನ್ನಾಗಿದೆ, ಒಪ್ಪಿದೆ. ಮುದುಕಿ ಎಲ್ಲಿ?

'ದೊಡ್ಡ ದೊಡ್ಡವರೇ ಎಐ ಬಳಸ್ತಾರೆ ಸರ್' ಅಂತ ಬೇರೆ ಬರೆದಿದ್ದೀಯ. ಹೌದು, ಬಳಸ್ತಾರೆ. ಅಂಥ ಒಬ್ಬನ ಕತೆ ನನಗೆ ಗೊತ್ತು.

ರ‍್ಯಾಂಡಿ ಟ್ರಾವಿಸ್ ಅಂತ, ಅಮೆರಿಕದ ಕಂಟ್ರಿ ಹಾಡುಗಾರ. ನನಗೂ ಆ ಸಂಗೀತಕ್ಕೂ ಏನೇನೂ ಸಂಬಂಧ ಇರಲಿಲ್ಲ. ಮಗಳು ನಾರ್ತ್ ಕ್ಯಾರೊಲಿನಾದಲ್ಲಿದ್ದಾಳೆ, ಹೋದಾಗಲೆಲ್ಲ ಅಳಿಯ ಕಾರಿನಲ್ಲಿ ಅವನ ಹಾಡು ಹಾಕುತ್ತಿದ್ದ. ಆ ಹಾಡುಗಾರನೂ ಅದೇ ರಾಜ್ಯದವನು, ಮಾರ್ಷ್‌ವಿಲ್ ಅನ್ನೋ ಸಣ್ಣ ಊರು, ಹುಟ್ಟಿದ್ದು 1959ರಲ್ಲಿ. ಕಾಳು ತುಂಬಿಡೋ ನೆಲದಡಿಯ ಹಗೇವಿನ ಒಳಗಿಂದ ಬಂದಂಥ ದನಿ. 1980ರ ದಶಕದ ಮೊದಮೊದಲಿಗೆ ನ್ಯಾಶ್‌ವಿಲ್‌ಗೆ ಹೋದ. ಆಗ ಕಂಟ್ರಿ ಹಾಡಿಗೆ ಪಾಪ್ ಬಣ್ಣ ಬಳಿಯುವ ಕಾಲ. ಕಂಟ್ರಿ ಅಂದರೇ ಹಳ್ಳಿ ಅಲ್ವಾ? ಹಳ್ಳಿ ಹಾಡಿನ ರಾಜಧಾನಿಯಲ್ಲಿ ಕೂತಿದ್ದ ರೆಕಾರ್ಡ್ ಕಂಪನಿಗಳವರು ಇವನ ಹಾಡು ಕೇಳಿ ಹೇಳಿದ್ದೇನು ಗೊತ್ತಾ? ತೀರಾ ಹಳ್ಳಿ ಆಯ್ತು ಅಂತ. ಎಲ್ಲರೂ ವಾಪಸ್ ಕಳಿಸಿದರು. ನ್ಯಾಶ್‌ವಿಲ್ ಪ್ಯಾಲೇಸ್ ಅನ್ನೋ ಕ್ಲಬ್ಬಿನಲ್ಲಿ ಅಡುಗೆ ಕೆಲಸಕ್ಕಿದ್ದ. ಮೀನು ಕರಿಯೋದು, ಪಾತ್ರೆ ತೊಳೆಯೋದು, ನಡುವೆ ಕೈ ಒರೆಸಿಕೊಂಡು ಹೋಗಿ ಹಾಡಿ ಬರೋದು.

1985ರಲ್ಲಿ ಕೊನೆಗೂ ಒಂದು ಕಂಪನಿ ಕರೆಯಿತು. 'ಆನ್ ದಿ ಅದರ್ ಹ್ಯಾಂಡ್' ಅನ್ನೋ ಹಾಡು ಬಿಟ್ಟರು. ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ 67ನೇ ಜಾಗಕ್ಕೆ ನಿಂತುಹೋಯಿತು. ಆಮೇಲೆ ಅವನ ಇನ್ನೊಂದು ಹಾಡು ಓಡಿತು ಅಂತ 1986ರಲ್ಲಿ ಇದನ್ನೇ ಮತ್ತೆ ಬಿಟ್ಟರು. ಅದೇ ಹಾಡು, ಅದೇ ದನಿ. ಈ ಸಲ ಒಂದನೇ ಜಾಗ. ನಿನ್ನ ಪುಸ್ತಕಕ್ಕೂ ಹಾಗಾಗುತ್ತೆ ಅಂತ ನಾನು ಹೇಳ್ತಿಲ್ಲ, ಅಂಥ ಮಾತು ನನ್ನ ಬಾಯಿಂದ ಹೊರಡಿಸಬೇಡ. ಮೀನು ಕರಿಯುತ್ತಲೇ ಉಳಿದವರು ಎಷ್ಟು ಜನವೋ, ಅವರ ಹಾಡನ್ನು ಅಳಿಯ ಕಾರಿನಲ್ಲಿ ಹಾಕಲ್ಲ. ನನಗೆ ಇಷ್ಟವಾದದ್ದು ಬೇರೆ. ಅಷ್ಟು ವರ್ಷದಲ್ಲಿ ಅವನು ತನ್ನ ರಾಗ ತಿದ್ದಿಕೊಂಡು ಪೇಟೆಯವನಾಗಲಿಲ್ಲ. ನಾನು ಆದೆ.

ಹೇಳ್ತೀನಿ ಕೇಳು. ನನ್ನ ಮೊದಲ ಕತೆಯಲ್ಲಿ ಅವ್ವ ಹಿಟ್ಟು, ಅದೇ ರಾಗಿಮುದ್ದೆ, ತೊಳಸುವ ಒಂದು ಸಾಲಿತ್ತು. ಹಿಟ್ಟಿನ ಕೋಲು ಅಂತ ಬರೆದಿದ್ದೆ. ಒಂದು ಪತ್ರಿಕೆಯ ಸಂಪಾದಕರು ಅದರ ಸುತ್ತ ಕೆಂಪು ಗೆರೆ ಎಳೆದು 'ಗ್ರಾಮ್ಯ' ಅಂತ ಬರೆದು ಕಳಿಸಿದರು. ಅವರ ಮೇಲೆ ಇವತ್ತಿಗೂ ಸಿಟ್ಟಿದೆ, ಅವರು ಹೋಗಿ ಇಪ್ಪತ್ತು ವರ್ಷವಾದರೂ ಇದೆ. ಆದರೆ ತಿದ್ದಿದ್ದು ಅವರಲ್ಲ, ನಾನು. ಒಂದು ರಾತ್ರಿ ಕೂತು ಹಿಟ್ಟಿನ ಕೋಲು ಹೊಡೆದುಹಾಕಿ 'ಮರದ ಸೌಟು' ಅಂತ ಬರೆದೆ. ಮಂಡ್ಯದ ಮಗ, ಮುದ್ದೆಯನ್ನು ಸೌಟಿನಲ್ಲಿ ತೊಳಸಿದೆ! ಪಾತ್ರೆ ಅಲುಗಾಡದ ಹಾಗೆ ಎರಡು ಕಾಲಲ್ಲಿ ಕವೆಗೋಲು ಅದುಮಿ ಹಿಡಿದು ಅವ್ವ ಹಿಟ್ಟಿನ ಮೇಲೆ ಬಗ್ಗುವಾಗ ಅವಳ ತೋಳಿನ ನರ ಎದ್ದು ಕಾಣೋದು, ಉಸಿರು ಬಿಗಿ ಹಿಡಿಯೋಳು. ಸೌಟು ಹಿಡಿದವಳಿಗೆ ಅದ್ಯಾವುದೂ ಬೇಕಾಗಲಿಲ್ಲ, ಅದೂ ಕತೆಯಿಂದ ಹೋಯಿತು. ಕತೆ ಅಚ್ಚಾಯಿತು, ಹೊಗಳಿದರು, ಸಣ್ಣದೊಂದು ಬಹುಮಾನ ಕೂಡ ಬಂತು. ನಮ್ಮ ಅತ್ತೆಯ ಮಗಳು ಓದಿ 'ನಿಮ್ಮವ್ವ ಸೌಟಲ್ಲಿ ಹಿಟ್ಟು ತೊಳ್ಸೋದ ಯಾವಾಗ ಕಲ್ತ್ಲು ಬಾವ?' ಅಂತ ಕೇಳಿ ಬಿದ್ದು ಬಿದ್ದು ನಕ್ಕಳು. ಮೂರು ಮುದ್ರಣ ಆದರೂ ಆ ಸೌಟು ಅಲ್ಲೇ ಇದೆ.

ಇರಲಿ. ರ‍್ಯಾಂಡಿಗೆ ಬರ್ತೀನಿ. ಅವನೇನು ದೇವರಲ್ಲ. ಕುಡಿದು ಕಾರು ಓಡಿಸಿ ಪೊಲೀಸರ ಕೈಗೆ ಸಿಕ್ಕಿದ್ದೂ ಇದೆ. 2013ರ ಜುಲೈಯಲ್ಲಿ ಹೃದಯದ ಕಾಯಿಲೆ ಅಂತ ಆಸ್ಪತ್ರೆಗೆ ಹೋದವನಿಗೆ ಅಲ್ಲೇ ಸ್ಟ್ರೋಕ್ ಆಯಿತು. ಆಗ 54 ವರ್ಷ. ಬದುಕೋದೇ ಅನುಮಾನ ಅಂದಿದ್ದರು. ಬದುಕಿದ, ನಡೆಯೋದನ್ನು ಮತ್ತೆ ಕಲಿತ. ಆದರೆ ಮಾತು ಹೋಯಿತು. ನೀನು ಹೇಳಿದ್ದೆಲ್ಲ ಅರ್ಥವಾಗುತ್ತೆ, ಹೇಳಬೇಕಾದ ಪದ ಬಾಯಿಗೆ ಬರಲ್ಲ, ಅಂಥ ಸ್ಥಿತಿ. 2016ರಲ್ಲಿ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡ ದಿನ ಎದ್ದು ನಿಂತು 'ಅಮೇಜಿಂಗ್ ಗ್ರೇಸ್' ಹಾಡಿದ. ಆಮೇಲೆ ಅವನ ಹಳೇ ವಾದ್ಯದವರು ಊರೂರಿಗೆ ಹೋಗಿ ಅವನ ಹಾಡು ನುಡಿಸತೊಡಗಿದರು. ಹಾಡೋದು ಜೇಮ್ಸ್ ಡುಪ್ರೆ ಅನ್ನೋ ಇನ್ನೊಬ್ಬ. ಇವನು ವೇದಿಕೆಯಲ್ಲಿ ಕೂತಿರುತ್ತಾನೆ. 'ಫಾರೆವರ್ ಅಂಡ್ ಎವರ್, ಆಮೆನ್' ಹಾಡು ಮುಗಿಯುವಾಗ ಆ ಕೊನೆಯ ಪದಕ್ಕೆ ಎಲ್ಲರೂ ನಿಲ್ಲಿಸುತ್ತಾರೆ. 'ಆಮೆನ್' ಮಾತ್ರ ಇವನದು. ನಾನು ಅದನ್ನು ಫೋನಿನಲ್ಲಿ ನೋಡಿ ಅತ್ತುಬಿಟ್ಟೆ, ನಾಚಿಕೆ ಇಲ್ಲದೆ ಹೇಳ್ತೀನಿ. ಆ ಒಂದು ಪದಕ್ಕೆ ಕಾದು ಕೂತ ಅಷ್ಟು ಜನ!

ಇನ್ನು ನಿನ್ನ ಎಐ. 2024ರ ಮೇ 3ಕ್ಕೆ ಅವನ ಹೊಸ ಹಾಡು ಬಂತು, 'ವೇರ್ ದಟ್ ಕೇಮ್ ಫ್ರಮ್' ಅಂತ. ಮೊದಲು ಡುಪ್ರೆ ಹಾಡಿದ. 1985ರಿಂದ ಈಚೆ ರ‍್ಯಾಂಡಿ ಹಾಡಿದ್ದ 42 ಹಾಡುಗಳ ದನಿ ಮಾತ್ರ ಬೇರೆ ಮಾಡಿ ಎಐಗೆ ಕಲಿಸಿ, ಡುಪ್ರೆಯ ದನಿಯ ಜಾಗದಲ್ಲಿ ಅದನ್ನು ಕೂರಿಸಿದರು. ಅಷ್ಟಕ್ಕೇ ಮುಗಿಯಲಿಲ್ಲ. 1986ರ ಆಲ್ಬಮ್‌ನಿಂದ ಜೊತೆಗಿದ್ದ ಪ್ರೊಡ್ಯೂಸರ್ ಕೈಲ್ ಲೆಹ್ನಿಂಗ್ ಕೂತು, ಇಲ್ಲಿ ಅವನು ಹೀಗೆ ಎಳೆಯಲ್ಲ, ಅಲ್ಲಿ ಹೀಗೆ ನಡುಗಿಸಲ್ಲ ಅಂತ ತಿದ್ದಿದರು. ಕೆಲವರಿಗೆ ಇದು ಇಷ್ಟವಾಗಲಿಲ್ಲ. ನನಗೂ ಪೂರ್ತಿ ಒಪ್ಪಿಗೆ ಇದೆಯೋ ಇಲ್ವೋ, ಕೇಳುವಾಗಲೆಲ್ಲ ಮನಸ್ಸು ಆ ಕಡೆ ಈ ಕಡೆ ಆಡುತ್ತೆ. ಆದರೆ ಅವನು ಮೆಷಿನ್ನಿಗೆ ಕೊಟ್ಟಿದ್ದು ತನ್ನದೇ ದನಿ, ತಿರುಗಿ ಕೇಳಿದ್ದೂ ಅದನ್ನೇ. ಮೀನು ಕರಿಯುವಾಗ 'ತೀರಾ ಹಳ್ಳಿ' ಅಂದಿದ್ದರಲ್ಲ, ಅದೇ ದನಿ. ಅವನ ಗಂಟಲು ಹೋಗಿತ್ತು ಕಣವ್ವ. ನಿನಗೆ 24 ವರ್ಷ, ಗಂಟಲು ಗಟ್ಟಿಯಾಗಿದೆ, ನೀನು ಇರುವ ದನಿಯನ್ನು ಕೊಟ್ಟು ಯಾರದೂ ಅಲ್ಲದ್ದನ್ನು ತಂದಿದ್ದೀಯ. ನಾನು ಒಂದು ಸೌಟು ಇಟ್ಟೆ, ನೀನು 140 ಪುಟಕ್ಕೂ ಇಟ್ಟೆ. ಕೋಪ ಬರುತ್ತೆ ಅಲ್ವಾ ಇಂಥ ಮಾತಿಗೆ? ಬರಲಿ.

ಬರೆಯೋದು ಬಿಡ್ತೀಯೋ ಇಲ್ವೋ ನಿನ್ನಿಷ್ಟ, ಬೇಡ ಅಂತ ಕೈ ಮುಗಿಯೋಕೆ ನನಗೆ ಬರಲ್ಲ. ಮಳವಳ್ಳಿ ಕಡೆ ಬಂದರೆ ಮನೆಗೆ ಬರ್ತೀನಿ, ನಿಮ್ಮಜ್ಜಿ ಇನ್ನೂ ಇದ್ದರೆ ಅವರ ಹತ್ತಿರ ಸ್ವಲ್ಪ ಹೊತ್ತು ಕೂರಬೇಕು.

ಒಂದು ತುರ್ತು ವಿಷಯ. ಮೊದಲ ಪ್ರತಿಯ ಸ್ಕ್ಯಾನಿನಲ್ಲಿ 31ನೇ ಪುಟ ಬಿಟ್ಟುಹೋಗಿದೆ. ಮಗ ದನದ ಜೊತೆ ವಾಪಸ್ ಬಂದನೋ ಇಲ್ವೋ ಗೊತ್ತಾಗಲಿಲ್ಲ. ಎರಡನೇ ಪ್ರತಿಯಲ್ಲಿ ಇದೆ ಅಂತ ಗೊತ್ತು, ಅದರಲ್ಲಿ ನೋಡಲ್ಲ. ಆ ಪುಟದ್ದೊಂದು ಫೋಟೋ ತೆಗೆದು ಇವತ್ತೇ ಕಳಿಸು.